ಪಳಗಿದ ಕೈ

“ಕುತ್ತಿಗೆ ಬಿಡೇ ತಾಯಿ, ನಾನೇನು ಕಚ್ತೀನಾ?” ಎಂದು ಅಮ್ಮ ನಕ್ಕಾಗಲೇ ಮಗಳಿಗೆ ಗೊತ್ತಾದದ್ದು: ಪಶು ಆಸ್ಪತ್ರೆಯಲ್ಲಿ ದಿನವೂ ನಾಯಿಗಳನ್ನು ಹಿಡಿಯುವ ಹಾಗೆಯೇ ಅಮ್ಮನನ್ನೂ ಹಿಂದಿನಿಂದ ತೋಳಲ್ಲಿ ಬಿಗಿದು ಹಿಡಿದಿದ್ದಳು.

ಅಮ್ಮನ ವಾಸಿಯಾದ ಕಾಯಿಲೆ ಮರಳಿದೆಯೋ ಇಲ್ಲವೋ ಎಂಬುದನ್ನು ಈ ರಕ್ತಪರೀಕ್ಷೆಯೇ ಹೇಳಬೇಕಿತ್ತು. ಲ್ಯಾಬಿನ ನರ್ಸ್ ಅಮ್ಮನ ಕೈಗೆ ಮೂರು ಸಲ ಚುಚ್ಚಿದರೂ ನರ ಸಿಕ್ಕಿರಲಿಲ್ಲ. ಮಗಳಿಗೆ ಭಯವೂ ಇಲ್ಲ, ಅಳುವೂ ಇಲ್ಲ. ಅವಳ ಹೆಬ್ಬೆರಳು ಮಾತ್ರ ತಾನಾಗಿ ಅಮ್ಮನ ಮೊಣಕೈಯತ್ತ ಸರಿದು ಒತ್ತಿತು, ನರ ಉಬ್ಬಿತು. “ಇಲ್ಲಿ ಚುಚ್ಚಿ ಸಿಸ್ಟರ್.”

“ನೋಡಿ, ಇವಳಿಗೆ ಎಮ್ಮೆನೂ ಒಂದೇ, ಹೆತ್ತವಳೂ ಒಂದೇ!” ಎಂದಳು ಅಮ್ಮ.

“ಎಮ್ಮೆ ಇಷ್ಟು ಮಾತಾಡಲ್ಲಮ್ಮ. ಅಲ್ಲಾಡಬೇಡ.”

ಕೊಳವೆಗೆ ರಕ್ತ ಇಳಿಯಿತು. ಅಮ್ಮ ಇನ್ನೂ ನಗುತ್ತಿದ್ದಳು. ಮಗಳ ಎದೆಗೆ ಒರಗಿದ್ದ ಬೆನ್ನಿನೊಳಗೆ ಮಾತ್ರ ಗುಂಡಿಗೆ ಡವಡವ ಹೊಡೆದುಕೊಳ್ಳುತ್ತಿತ್ತು. ಕೆಲಸದ ಅಭ್ಯಾಸದಂತೆ ಮಗಳು ಬಡಿತ ಎಣಿಸತೊಡಗಿದಳು. ಇಪ್ಪತ್ತರ ಹೊತ್ತಿಗೆ ಎಣಿಕೆ ತಪ್ಪಿತು.