ಸ್ಪಿರಿಟ್ಟಿನಲ್ಲಿ ಅದ್ದಿದ ಬಿಲ್ಲೆ

ಗಾಜಿನ ತಟ್ಟೆಯ ತಳಕ್ಕೆ ಸ್ಕೇಲ್ ಹಿಡಿದ ಹೇಮಶ್ರೀ ಇನ್ನೊಮ್ಮೆ ಅಳೆದಳು. ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾ ತಟ್ಟೆಯ ತುಂಬ ಬೆಳ್ಳಗೆ ಹಬ್ಬಿತ್ತು. ಹಲ್ಲುಜ್ಜುವ ಹೊಂಗೆ ಕಡ್ಡಿಯ ಸಾರದಲ್ಲಿ ಅದ್ದಿಟ್ಟ ಕಾಗದದ ಬಿಲ್ಲೆಯ ಸುತ್ತ ಮಾತ್ರ ಹದಿನಾಲ್ಕು ಮಿಲಿಮೀಟರ್ ಅಗಲಕ್ಕೆ ಏನೂ ಬೆಳೆದಿರಲಿಲ್ಲ. ಅವಳ ಎಂಎಸ್ಸಿ ಪ್ರಾಜೆಕ್ಟಿನ ವೈವಾ ನಾಳೆಯೇ ಇತ್ತು.

"ಗೆದ್ಬಿಟ್ಟೆ ಗುರು!" ಎಂದ ಸಹಪಾಠಿ ಲಿಖಿತ್. "ಸಂಪಿಗೆ ರೋಡಲ್ಲಿ ಇವತ್ತು ದೋಸೆ ನಿಂದೇ."

ಹೇಮಶ್ರೀ ತಟ್ಟೆಯನ್ನು ತಿರುಗಿಸಿದಳು. ಸಾರ ತೆಗೆಯಲು ಬಳಸಿದ ಸ್ಪಿರಿಟ್ಟಿನಲ್ಲಷ್ಟೇ ಅದ್ದಿದ ಇನ್ನೊಂದು ಬಿಲ್ಲೆ ಆ ಬದಿಗಿತ್ತು. ಅದರ ಸುತ್ತಲೂ ಹದಿಮೂರು ಮಿಲಿಮೀಟರ್ ಖಾಲಿ. ಬಿಲ್ಲೆಗಳನ್ನು ಒಣಗಿಸದೆ ಅವಸರದಲ್ಲಿ ಇಟ್ಟವಳು ಅವಳೇ. ಬ್ಯಾಕ್ಟೀರಿಯಾವನ್ನು ಕೊಂದದ್ದು ಹೊಂಗೆಯೋ ಸ್ಪಿರಿಟ್ಟೋ, ಈ ತಟ್ಟೆಯಿಂದ ಹೇಳುವಂತಿರಲಿಲ್ಲ.

"ಅದನ್ನ ಬರೀಬೇಡ ಬಿಡು. ಯಾರ್ ಕೇಳ್ತಾರೆ?"

"ನಾನೇ ಕೇಳ್ತಿದೀನಲ್ಲೋ."

ಅವಳು ಪ್ರಯೋಗದ ಪುಸ್ತಕದಲ್ಲಿ ಹದಿನಾಲ್ಕರ ಕೆಳಗೆ ಪೆನ್ನಿನಲ್ಲಿ ಹದಿಮೂರು ಎಂದು ಬರೆದು, ಅದನ್ನು ಗೈಡ್ ತೇಜಶ್ರೀ ಮೇಡಂ ಮುಂದಿಟ್ಟಳು. "ಒಂದು ವಾರ ಕೊಡಿ ಮೇಡಂ. ಬಿಲ್ಲೆ ಒಣಗಿಸಿ ಮತ್ತೆ ಮಾಡ್ತೀನಿ."

"ತಡ ಆದ್ರೆ ಐದು ಮಾರ್ಕ್ಸ್ ಕಟ್. ಗೊತ್ತಲ್ವಾ?"

"ಗೊತ್ತು ಮೇಡಂ."

"ಒಣಗಿಸಿದ್ಮೇಲೆ ಹೊಂಗೆ ಏನೂ ಮಾಡ್ದೇ ಹೋದ್ರೆ?"

"ಏನೂ ಮಾಡ್ಲಿಲ್ಲ ಅಂತಲೇ ಬರೀತೀನಿ."

ಮೇಡಂ ಎರಡೂ ಅಂಕಿಗಳನ್ನು ನೋಡಿದರು. ಆಮೇಲೆ ನಾಳೆಯ ವೈವಾ ಪಟ್ಟಿಯನ್ನು ಎಳೆದುಕೊಂಡು, ಅವಳ ಹೆಸರನ್ನು ಹೊಡೆದು ಹಾಕಿ, ಮುಂದಿನ ವಾರದ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆದರು.