ನೀಲಗಿರಿ ತೋಪಿನ ದಾರಿ

ನೆಗಡಿಯಾದ ಮಗಳಿಗೆ ನೀಲಗಿರಿ ಎಣ್ಣೆಯ ಹಬೆ ಕೊಡುವಾಗ ಇಂದಿಗೂ ನನ್ನ ಅಂಗೈ ಬೆವರುತ್ತದೆ.

ಆಗ ನಾನು ಆರನೇ ಕ್ಲಾಸು. ಸಮೇತನಹಳ್ಳಿಯ ದಾರಿಯ ನೀಲಗಿರಿ ತೋಪಿನಲ್ಲಿ ಎಂಟನೇ ಕ್ಲಾಸಿನ ಸುನಂದ ಗೆಳತಿಯರೊಂದಿಗೆ ದಿನವೂ ನನಗಾಗಿ ಕಾದಿರುತ್ತಿದ್ದಳು. ಆ ಶನಿವಾರ ಮಧ್ಯಾಹ್ನ ಜಡೆ ಹಿಡಿದೆಳೆದು ನನ್ನನ್ನು ತರಗೆಲೆಗಳ ಮೇಲೆ ಕೆಡವಿದರು. ಮೊಣಕಾಲು ತರಚಿ ರಕ್ತ ಬಂತು.

"ಮನೇಲಿ ಹೇಳಿದ್ರೆ ನೋಡು," ಎಂದಳು ಸುನಂದ.

ಅಷ್ಟರಲ್ಲಿ ಅಪ್ಪನ ಮೊಪೆಡ್ ಬಂತು. ಅವಳು ಥಟ್ಟನೆ ನನ್ನನ್ನು ಎಬ್ಬಿಸಿ ಲಂಗದ ಧೂಳು ಒದರತೊಡಗಿದಳು.

"ಬಿದ್ಬಿಟ್ಲು ಮಾವ. ನಾವೇ ಎತ್ತಿದ್ವಿ."

"ಹೌದೇನಮ್ಮ?" ಎಂದು ಅಪ್ಪ ನನ್ನನ್ನು ಕೇಳಿದರು. ಅವಳ ಉಗುರು ನನ್ನ ತೋಳಿಗೆ ಒತ್ತಿತು. ನಾನು ಹೌದೆಂದು ತಲೆಯಾಡಿಸಿದೆ.

ಅಪ್ಪನ ಮುಖ ಅರಳಿತು. "ಒಬ್ಳೇ ಬರ್ತಾಳಲ್ಲ ಅಂತ ನಂಗೆ ಭಯ ಇತ್ತು ಕಣಮ್ಮ. ಸೋಮವಾರದಿಂದ ನೀನೇ ಜೊತೇಲಿ ಕರ್ಕೊಂಡ್ ಬಂದ್ಬಿಡು."

"ಆಯ್ತು ಮಾವ," ಎಂದು ಸುನಂದ ನನ್ನ ಕೈ ಹಿಡಿದುಕೊಂಡಳು.