ಹದಿನಾಲ್ಕು ಇಟ್ಟಿಗೆ

ಧನಲಕ್ಷ್ಮಿಯ ಬೆನ್ನಿಗೆ ಅಲ್ಯೂಮಿನಿಯಂ ಚೌಕಟ್ಟು ಕಟ್ಟಿ, ಸೊಂಟದ ಪಟ್ಟಿ ಬಿಗಿದು, ತೇಜಸ್ವಿನಿ ಎರಡು ಹೆಜ್ಜೆ ಹಿಂದೆ ಸರಿದಳು. ಹೊರೆ ಕತ್ತಿನ ಮೇಲೆ ಕೂರದೆ ಸೊಂಟಕ್ಕೆ ಇಳಿಯಬೇಕು. ಡಿಸೈನ್ ಕಾಲೇಜಿನ ಕೊನೆಯ ವರ್ಷಕ್ಕೆಂದು ಅವಳು ನಾಲ್ಕು ತಿಂಗಳು ಕೂತು ಮಾಡಿದ ಮಾದರಿ ಅದು.

ದಿನವೂ ತಲೆಯ ಮೇಲೆ ಹೊರುತ್ತಿದ್ದ ಎಂಟು ಇಟ್ಟಿಗೆಗಳನ್ನು ಧನಲಕ್ಷ್ಮಿ ಬೆನ್ನ ಮೇಲೆ ಹೊತ್ತು ಮೂರನೆಯ ಮಹಡಿಗೆ ಹೋಗಿ ಬಂದಳು.

"ಕತ್ತು ನೋಯ್ತಾ?"

"ಇಲ್ಲ ಮೇಡಮ್ಮಾ. ಕತ್ತು ಐತೋ ಇಲ್ವೋ ಅನ್ನಂಗಾಯ್ತು."

ಚೌಕಟ್ಟು ಎಷ್ಟು ತಡೆಯುತ್ತದೆಂದು ತಿಳಿಯಬೇಕಿತ್ತು. ಹತ್ತು ಹೊರಿಸಿದಳು, ಹನ್ನೆರಡು, ಹದಿನಾಲ್ಕು. ಧನಲಕ್ಷ್ಮಿ ಇಳಿದು ಬಂದಾಗ ತೇಜಸ್ವಿನಿ ಬೆಸುಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಒಂದೂ ಬಿಟ್ಟಿರಲಿಲ್ಲ. ಧನಲಕ್ಷ್ಮಿಯ ಮೊಣಕಾಲು ನಡುಗುತ್ತಿದ್ದುದನ್ನು ನೋಡಿದ್ದು ಆಮೇಲೆ.

ಪುಟ್ಟೇನಹಳ್ಳಿಯ ಆ ಅಪಾರ್ಟ್‌ಮೆಂಟಿನ ಜಾಗವೂ ಚಿಕ್ಕಬೈರಪ್ಪನದೇ, ಕಟ್ಟಿಸುತ್ತಿದ್ದವನೂ ಅವನೇ. ಕುರ್ಚಿಯಿಂದ ಎದ್ದು ಬಂದ.

"ಭೇಷ್ ಕಣಮ್ಮ! ಇಂಥವು ಇನ್ನೂ ಮೂರು ಮಾಡ್ಕೊಡು. ಸೋಮವಾರದಿಂದ ಎಲ್ಲಾರ್ಗೂ ಹದಿನಾಲ್ಕು. ಆರು ಹೆಂಗಸ್ರು ಯಾಕೆ, ನಾಲ್ಕು ಸಾಕು."

"ಸರ್, ಅದು ಮಿತಿ ನೋಡೋಕೆ ಒಂದೇ ಸಲ ಹೊರ್ಸಿದ್ದು. ದಿನಾ ಹೊರೋಕೆ ಎಂಟೇ..."

"ನನ್ ಕಣ್ಣೆದುರೇ ಹೊತ್ಲಲ್ಲ! ಇಂಗೆ ಹೊರೋವ್ಳಿಗೆ ಎಂಟ್ಯಾಕೆ?" ಫೋನು ಬಂತು. ಮಾತಾಡುತ್ತಾ ಗೇಟಿನ ಕಡೆ ನಡೆದ.

ಕೆಲಸದವರಲ್ಲಿ ಎಲ್ಲರಿಗಿಂತ ಹಿರಿಯಳಾದ ಅಂಜಿನಮ್ಮ ಮರಳಿನ ರಾಶಿಯ ಮೇಲೆ ಕೂತುಬಿಟ್ಟಳು. "ಆ ನಾಲ್ಕರಾಗೆ ನಾನಂತೂ ಇರಲ್ಲ," ಎಂದಳು, ಯಾರೂ ಕೇಳದೆಯೇ.

ಧನಲಕ್ಷ್ಮಿ ಪಟ್ಟಿ ಬಿಚ್ಚಿ ಚೌಕಟ್ಟನ್ನು ತೇಜಸ್ವಿನಿಯ ಕಾಲ ಬಳಿ ಇಟ್ಟಳು.

"ಇದು ಎಲ್ಲಿ ಮುರಿದ್ರೆ ಮತ್ತೆ ಜೋಡ್ಸಕ್ಕಾಗಲ್ಲ?"

"ಯಾಕೆ?"

"ಮುರಿಯೋ ಸಾಮಾನು ಅಂತ ಗೊತ್ತಾದ್ರೆ ಯಜಮಾನ್ರು ಆಸೆ ಬಿಡ್ತಾರೆ."

ತೇಜಸ್ವಿನಿಗೆ ಆ ಜಾಗ ಗೊತ್ತಿತ್ತು. ಬೆರಳು ತಾನಾಗಿ ಚೌಕಟ್ಟಿನ ಎಡಭುಜದ ಕೀಲಿನ ಮೇಲೆ ಹೋಯಿತು, ಹೋದಷ್ಟೇ ಬೇಗ ಹಿಂದೆ ಬಂತು. "ಮುಂದಿನ ವಾರ ಕಾಲೇಜಲ್ಲಿ ತೋರಿಸ್ಬೇಕು. ನನ್ ಹತ್ರ ಇರೋದು ಇದೊಂದೇ," ಎಂದಳು. ಆಮೇಲೆ ಯಾರ ಮುಖವನ್ನೂ ನೋಡದೆ, "ಬೇಕಿದ್ರೆ... ನೀವೇ ಮುರೀರಿ. ನಾನೇನೂ ಹೇಳಲ್ಲ."

ಧನಲಕ್ಷ್ಮಿ ಹೋಗಿ ಮೇಸ್ತ್ರಿಯ ಸುತ್ತಿಗೆ ತಂದು, ಹಿಡಿಯನ್ನು ಅವಳ ಕಡೆ ತಿರುಗಿಸಿ ಚಾಚಿದಳು.

"ನಾವು ಮುರಿದ್ರೆ ಕೂಲಿ ಹಿಡೀತಾರೆ. ನೀವು ಮುರಿದ್ರೆ ಟೆಸ್ಟಿಂಗು ಅಂತಾರೆ."